ಅಂಕದ ಪುರಸ್ಕಾರ, ಅಗತ್ಯದ ನೆರವು: ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಕಾಲೇಜು ವಿದ್ಯಾರ್ಥಿವೇತನಗಳು

ವಿದ್ಯಾರ್ಥಿವೇತನಗಳಲ್ಲಿ ಎರಡು ಬಗೆ. ಓದಿ ಮುಗಿಸಿದ್ದಕ್ಕೆ ಕೊಡುವುದು ಒಂದು. ಓದು ನಿಲ್ಲದಿರಲೆಂದು ಕೊಡುವುದು ಇನ್ನೊಂದು. ಮೊದಲನೆಯದು ಅಂಕಪಟ್ಟಿಯನ್ನು ನೋಡುತ್ತದೆ, ಎರಡನೆಯದು ಮನೆಯ ಸ್ಥಿತಿಯನ್ನು. ಕಡತಗಳಲ್ಲಿ ಇವೆರಡೂ ಬೇರೆ ಬೇರೆ ಯೋಜನೆಗಳಾದರೂ ವಿದ್ಯಾರ್ಥಿಯ ಬದುಕಿನಲ್ಲಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕೆಲವೆಡೆ ಒಂದು ಇನ್ನೊಂದರ ಜಾಗವನ್ನೇ ಕಸಿಯುತ್ತದೆ. ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಸೇರಿಸಿ ರಚಿಸಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆ ಇದನ್ನು ಪರಿಶೀಲಿಸಲು ತಕ್ಕ ಪ್ರದೇಶ.

ಮಳೆಯಾಶ್ರಿತ ಶೇಂಗಾ, ರಾಗಿಯನ್ನು ನಂಬಿದ ಈ ಭಾಗ ಬರಕ್ಕೆ ಹೆಸರಾದದ್ದು. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಈ ಸೀಮೆಯವೂ ಇವೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿನ ಬೋಧನಾ ಶುಲ್ಕ ಹೆಚ್ಚೇನಲ್ಲ. ಬಡ ಕುಟುಂಬಕ್ಕೆ ಭಾರವಾಗುವುದು ಬಸ್ಸಿನ ಖರ್ಚು, ಊಟ, ರೂಮಿನ ಬಾಡಿಗೆ, ಜೊತೆಗೆ ಮಗ ಅಥವಾ ಮಗಳು ಕೂಲಿಗೆ ಹೋಗದೆ ಬಿಟ್ಟ ದಿನಗಳ ಸಂಪಾದನೆ. ನೆರವಿನ ಚರ್ಚೆ ಶುಲ್ಕದ ಸುತ್ತಲೇ ಸುತ್ತಿದರೆ ಈ ನಿಜವಾದ ಖರ್ಚು ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಮೈಸೂರು ಸೀಮೆಗೆ ಈ ಖರ್ಚಿನ ಅರಿವು ಹಿಂದಿನಿಂದಲೂ ಇತ್ತು. ವಾರಾನ್ನದ ಪದ್ಧತಿಯಲ್ಲಿ ಬಡ ವಿದ್ಯಾರ್ಥಿಗೆ ದಿನಕ್ಕೊಂದು ಮನೆಯಲ್ಲಿ ಊಟ ಸಿಗುತ್ತಿತ್ತು. ಅದಕ್ಕೆ ಜಾತಿಯ ಎಲ್ಲೆಗಳಿದ್ದವು ಎಂಬುದನ್ನು ಮರೆಯುವಂತಿಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯ ಆ ಎಲ್ಲೆಗಳನ್ನು ದಾಟಿ ಅನ್ನ, ಆಶ್ರಯ ಎರಡನ್ನೂ ಕೊಟ್ಟಿತು. ಸರ್ಕಾರದ ಮಟ್ಟದಲ್ಲಿ ಅರ್ಹತೆ ಮತ್ತು ಅಗತ್ಯಗಳ ವಾದ ಮುಖಾಮುಖಿಯಾದದ್ದು 1918ರಲ್ಲಿ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆಡಳಿತದ ದಕ್ಷತೆ ಕುಗ್ಗೀತೆಂಬ ಆತಂಕ ದಿವಾನ್ ಎಂ. ವಿಶ್ವೇಶ್ವರಯ್ಯನವರದಾಗಿತ್ತು; ಅವರು ಅದೇ ವರ್ಷ ಹುದ್ದೆ ಬಿಟ್ಟರು. ಮರುವರ್ಷ ಬಂದ ವರದಿ ನೌಕರಿಯ ಜೊತೆಗೆ ಆ ಸಮುದಾಯಗಳ ವಿದ್ಯಾಭ್ಯಾಸಕ್ಕೂ ನೆರವು ಬೇಕೆಂದಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಗಿ ಇಂದಿಗೂ ದೇಶದ ದೊಡ್ಡ ಅಗತ್ಯಾಧಾರಿತ ಯೋಜನೆಯಾಗಿ ಮುಂದುವರಿದಿದೆ.

ಇಂದಿನ ಮೊತ್ತಗಳನ್ನು ಅಕ್ಕಪಕ್ಕ ಇಟ್ಟರೆ ಒಲವು ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. 2021ರ ಪರಿಷ್ಕೃತ ಮಾರ್ಗಸೂಚಿಯಂತೆ, ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿಯ ವಿದ್ಯಾರ್ಥಿ ಮನೆಯಿಂದಲೇ ಬಿ.ಎ. ಓದಲು ಹೋಗಿ ಬರುತ್ತಿದ್ದರೆ ಕಡ್ಡಾಯ ಶುಲ್ಕದ ಹೊರತಾಗಿ ಸಿಗುವ ನಿರ್ವಹಣಾ ಭತ್ಯೆ ವರ್ಷಕ್ಕೆ 3,000 ರೂಪಾಯಿ. ಮೂರು ವರ್ಷಕ್ಕೆ 9,000. ಅದೇ ವಿದ್ಯಾರ್ಥಿ ಪ್ರಥಮ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪದವಿ ಮುಗಿಸಿದರೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ 25,000 ರೂಪಾಯಿ. ದ್ವಿತೀಯ ಪಿಯುಸಿಯಲ್ಲಿ ಅನುಪಾತದ ಲೆಕ್ಕಕ್ಕೆ ಈ ಅಂತರ ಇನ್ನೂ ದೊಡ್ಡದು: ಭತ್ಯೆ ವರ್ಷಕ್ಕೆ 2,500, ಪ್ರಥಮ ದರ್ಜೆಗೆ ಬಹುಮಾನ 20,000. ಪ್ರೋತ್ಸಾಹಧನ ತಪ್ಪೆನ್ನುವಂತಿಲ್ಲ. ಎಷ್ಟೋ ಮನೆಗಳಲ್ಲಿ ಮುಂದಿನ ಕೋರ್ಸಿನ ಪ್ರವೇಶಕ್ಕೆ ಅದೇ ಬಂಡವಾಳ. ಆದರೆ ಅದು ಕೈಗೆ ಬರುವುದು ಫಲಿತಾಂಶ ಬಂದ ಮೇಲೆ, ದರ್ಜೆ ಗಿಟ್ಟಿಸಿದವರಿಗೆ ಮಾತ್ರ. ಓದಿನ ನಡುವೆ ಕೈ ಖಾಲಿಯಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೋ ಕಟ್ಟಡದ ಕೆಲಸಕ್ಕೋ ಹೊರಟವರನ್ನು ಅದು ಮುಟ್ಟುವುದೇ ಇಲ್ಲ. ಶೇ 59 ಪಡೆದವರಿಗೂ ಶೇ 60 ಪಡೆದವರಿಗೂ ನಡುವಿನ ಶೇಕಡಾ ಒಂದರ ಬೆಲೆ ಮೂರು ವರ್ಷದ ಭತ್ಯೆಗಿಂತ ಹೆಚ್ಚಾಗಿದೆ.

ಅಂಕ ಸ್ಥಿರವಾದ ಅಳತೆಗೋಲೂ ಅಲ್ಲ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಕೃಪಾಂಕ ಸೇರಿಸಿಯೂ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಸಿದಿರಲಾರದು. ಅವರ ಮನೆಗಳ ಬಡತನವೂ ಆ ಪ್ರಮಾಣದಲ್ಲಿ ಏರಿಳಿದಿರಲಾರದು. ಪರೀಕ್ಷೆ ನಡೆಸುವ ಕ್ರಮ ಬದಲಾದ ಮಾತ್ರಕ್ಕೆ ನೆರವಿಗೆ ಅರ್ಹರಾದವರ ಪಟ್ಟಿಯೂ ಬದಲಾಗುವುದಾದರೆ ಆ ಪಟ್ಟಿ ಅಗತ್ಯವನ್ನು ಅಳೆಯುತ್ತಿಲ್ಲ.

ಎರಡು ಬಗೆಗಳು ನೇರವಾಗಿ ಡಿಕ್ಕಿ ಹೊಡೆಯುವುದು ‘ಒಬ್ಬರಿಗೆ ಒಂದೇ ವಿದ್ಯಾರ್ಥಿವೇತನ’ ಎಂಬ ನಿಯಮದಲ್ಲಿ. ಕೇಂದ್ರ ವಲಯದ ವಿದ್ಯಾರ್ಥಿವೇತನ ಯೋಜನೆ ಪ್ರತಿವರ್ಷ 82,000 ಹೊಸ ವಿದ್ಯಾರ್ಥಿಗಳಿಗೆ ಪದವಿ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ತಮ್ಮ ಮಂಡಳಿಯ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಮೇಲಿನ ಶೇ 20ರೊಳಗೆ ಬಂದಿರಬೇಕು, ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು, ರಾಜ್ಯದ ವಿದ್ಯಾರ್ಥಿವೇತನವಾಗಲಿ ಶುಲ್ಕ ಮರುಪಾವತಿಯಾಗಲಿ ಪಡೆಯುತ್ತಿರಬಾರದು. 4 ಲಕ್ಷ ಆದಾಯದ ಮನೆಯ ವಿದ್ಯಾರ್ಥಿನಿಗೆ ಈ ಹಣ ಪೂರ್ತಿ ಲಾಭ, ಏಕೆಂದರೆ ಬಿಟ್ಟುಕೊಡಲು ಆಕೆಯ ಬಳಿ ಬೇರೇನೂ ಇಲ್ಲ. ಒಂದು ಲಕ್ಷ ಆದಾಯದ ಮನೆಯವಳು ಅಷ್ಟೇ ಅಂಕ ಪಡೆದಿದ್ದರೂ ರಾಜ್ಯದ ನೆರವನ್ನು ಬಿಟ್ಟು ಇದನ್ನು ಪಡೆಯಬೇಕು. ಬಡವಳ ಪಾಲಿಗೆ ಪ್ರತಿಭೆಯ ಬೆಲೆ ಕೂಡಿಕೆಯಾಗಿ ಬರದೆ ಕಳೆಯುವಿಕೆಯ ನಂತರದ ಶೇಷವಾಗಿ ಬರುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿಯೂ ಇದೇ ನಡೆಯಿತು. 1993ರಲ್ಲಿ ಅಲ್ಲಿ ಶುರುವಾದ ಹೋಪ್ ವಿದ್ಯಾರ್ಥಿವೇತನಕ್ಕೆ ಮೊದಲಿಗೆ ಆದಾಯ ಮಿತಿಯಿತ್ತು. ಎರಡೇ ವರ್ಷದಲ್ಲಿ ಅದನ್ನು ತೆಗೆದುಹಾಕಲಾಯಿತು. ಬಡವರಿಗೆ ಒಕ್ಕೂಟ ಸರ್ಕಾರ ಕೊಡುವ ಪೆಲ್ ಅನುದಾನದ ಮೊತ್ತವನ್ನು ಮಾತ್ರ ಹೋಪ್ ಹಣದಿಂದ ಕಡಿತ ಮಾಡುವ ನಿಯಮ ಹಲವು ವರ್ಷ ಉಳಿಯಿತು. ಯೋಜನೆಯಿಂದ ಕಾಲೇಜು ಸೇರುವವರ ಸಂಖ್ಯೆ ಏರಿದರೂ ಮೇಲಿನ ಮತ್ತು ಕೆಳಗಿನ ಆದಾಯದವರ ನಡುವಿನ ಅಂತರ ಹಿಗ್ಗಿತೆಂದು ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಅವರ ಅಧ್ಯಯನ ತೋರಿಸಿತು. ಹಣದ ಪ್ರಮಾಣದಲ್ಲಿ ಜಾರ್ಜಿಯಾಕ್ಕೂ ಪಾವಗಡಕ್ಕೂ ಹೋಲಿಕೆಯಿಲ್ಲ. ಕಡಿತದ ತರ್ಕ ಮಾತ್ರ ಒಂದೇ.

ಇಷ್ಟು ಢಾಳಾಗಿ ಕಾಣದಿದ್ದರೂ ಹೆಚ್ಚು ಮಕ್ಕಳನ್ನು ತಟ್ಟುವುದು ಹಾಸ್ಟೆಲ್ ಸೀಟು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಮೂಲತಃ ಅಗತ್ಯಕ್ಕೆಂದೇ ಇರುವಂಥವು. ಆದರೆ ಅರ್ಜಿಗಳು ಸೀಟುಗಳನ್ನು ಮೀರಿದಾಗ ಪ್ರತಿ ಪ್ರವರ್ಗದೊಳಗೆ ಹಿಂದಿನ ಪರೀಕ್ಷೆಯ ಅಂಕವೇ ಮುಖ್ಯವಾಗುತ್ತದೆ. ಸೀಟು ಸಿಗದವರಿಗೆಂದು 2013–14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾಯಿತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ, ದ್ವಿತೀಯ ದರ್ಜೆಯಲ್ಲಿ ಪಾಸಾದ ಹುಡುಗನಿಗೆ ಅಂಕ ಕಡಿಮೆಯೆಂದು ಪ್ರೋತ್ಸಾಹಧನ ಸಿಗುವುದಿಲ್ಲ. ಅದೇ ಕಾರಣಕ್ಕೆ ಹಾಸ್ಟೆಲೂ ತಪ್ಪಬಹುದು. ಅಂಕ ಕಡಿಮೆಯಾಗಲು ಓದಲು ಜಾಗವಿಲ್ಲದಿದ್ದದ್ದೇ ಕಾರಣವಾಗಿದ್ದರೆ ಹಾಸ್ಟೆಲ್ ಮೊದಲು ಬೇಕಾದದ್ದು ಅವನಿಗೇ.

ಅಗತ್ಯವನ್ನು ಅಳೆಯುವುದೂ ಸುಲಭವಲ್ಲ. ನಾಡಕಚೇರಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯಿಲ್ಲದೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಮುಂದೆ ಹೋಗದು. ಶೇಂಗಾ ಬೆಳೆಗಾರನ ಆದಾಯ ಗ್ರಾಮ ಆಡಳಿತ ಅಧಿಕಾರಿಯ ಅಂದಾಜು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರ ಆದಾಯ ಹಾಗಲ್ಲ; ಅದು ದಾಖಲೆಯ ಮೇಲಿನ ಹಣ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆಯಲ್ಲಿ ಐದು ಎಕರೆ ಕೊಟ್ಟ ಮನೆಗೆ 1,05,000 ಬರುತ್ತಿತ್ತು. ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರವರ್ಗಗಳ ವಿದ್ಯಾರ್ಥಿವೇತನಕ್ಕೆ ಹಲವು ವರ್ಷಗಳ ಅಧಿಸೂಚನೆಗಳಲ್ಲಿದ್ದ ಆದಾಯ ಮಿತಿ ಒಂದು ಲಕ್ಷ. ಐದು ಸಾವಿರ ಹೆಚ್ಚಾದ ಮನೆ ನೆರವಿನಿಂದ ಹೊರಗೆ ಉಳಿಯುತ್ತಿತ್ತು. ಇನ್ನೊಂದು ತುದಿಯಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಶೇ 5ರಷ್ಟು ಹೆಚ್ಚುವರಿ ಸೀಟುಗಳ ಬೋಧನಾ ಶುಲ್ಕ ವಿನಾಯಿತಿಗೆ ಮಿತಿ 8 ಲಕ್ಷ. ಅಷ್ಟು ಅಗಲದ ಬಾಗಿಲಿನಲ್ಲಿ ಬಹುತೇಕ ಎಲ್ಲರೂ ಒಳಬರುತ್ತಾರೆ. ಆಮೇಲೆ ಆರಿಸುವುದು ಸಿಇಟಿ ರ‍್ಯಾಂಕ್. ಪಟ್ಟಣದ ಕೋಚಿಂಗ್ ಪಡೆದವರೊಂದಿಗೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಸರ್ಕಾರಿ ಪಿಯು ವಿದ್ಯಾರ್ಥಿ ಅಲ್ಲಿ ಸರಿಸಮನಾಗಿ ಸ್ಪರ್ಧಿಸಬೇಕು. ಹೆಸರಿಗೆ ಆದಾಯಾಧಾರಿತವಾದ ಯೋಜನೆ ಕೆಲಸದಲ್ಲಿ ಅಂಕಾಧಾರಿತವಾಗುವುದು ಹೀಗೆ.

ಅಂಕವನ್ನೂ ಆದಾಯ ಪ್ರಮಾಣಪತ್ರವನ್ನೂ ಕೇಳದ ನೆರವುಗಳು ಈಚೆಗೆ ಬಂದಿವೆ. 2021ರ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ ಪದವಿಯಲ್ಲಿ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಪಡಿಸಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಜೊತೆಗೂಡಿ ರಾಜ್ಯ ಸರ್ಕಾರ 2025ರಲ್ಲಿ ಆರಂಭಿಸಿದ ದೀಪಿಕಾ ವಿದ್ಯಾರ್ಥಿವೇತನ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದ್ದೇ ಮನೆಯ ಸ್ಥಿತಿಗೆ ಸಾಕ್ಷಿ ಎಂಬ ಈ ನಿಲುವು ನಾಡಕಚೇರಿಯ ಕಾಗದಕ್ಕಿಂತ ನಂಬಲರ್ಹ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಹುಡುಗಿಯರ ಬಸ್ ಖರ್ಚನ್ನು ತೆಗೆದುಹಾಕಿತು. ಆದರೆ ಅದು ನಡೆಯುವುದು ಸರ್ಕಾರಿ ಬಸ್ಸುಗಳಲ್ಲಿ. ಪಾವಗಡದ ಹಳ್ಳಿದಾರಿಗಳಲ್ಲಿ ಖಾಸಗಿ ಬಸ್ಸುಗಳ ಅವಲಂಬನೆ ಹೆಚ್ಚು. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಕಿಕ್ಕಿರಿದು ಹೊರಟ ಖಾಸಗಿ ಬಸ್ ಪಳವಳ್ಳಿ ಬಳಿ ಉರುಳಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಈ ಸೀಮೆಗೆ ಬೇಕಾದ ತಿದ್ದುಪಡಿಗಳು ದುಬಾರಿಯವಲ್ಲ. ಬಡ ವಿದ್ಯಾರ್ಥಿಯ ಅಂಕದ ಪುರಸ್ಕಾರವನ್ನು ಅಗತ್ಯದ ನೆರವಿನಿಂದ ಕಳೆಯದೆ ಅದರ ಮೇಲೆ ಕೂಡಿಸಬೇಕು. ಹಾಸ್ಟೆಲ್ ಸೀಟಿಗೆ ಮನೆಯಿಂದ ಕಾಲೇಜಿಗಿರುವ ದೂರ ಮತ್ತು ಬಸ್ಸಿನ ಲಭ್ಯತೆಯನ್ನು ಅಂಕಕ್ಕಿಂತ ಮುಂದಿಡಬೇಕು. ಇ-ದೃಢೀಕರಣ, ಆಧಾರ್ ಜೋಡಣೆ, ಹೆಸರಿನ ಅಕ್ಷರ ವ್ಯತ್ಯಾಸ ಇವೆಲ್ಲ ಬಗೆಹರಿಯುವವರೆಗೆ ಕಾಯಿಸದೆ, ನಿರ್ವಹಣಾ ಭತ್ಯೆಯ ಮೊದಲ ಕಂತನ್ನು ಪ್ರವೇಶದ ತಿಂಗಳಲ್ಲೇ ಕೊಟ್ಟು, ದಾಖಲೆಗಳ ಪರಿಶೀಲನೆಯನ್ನು ಎರಡನೆಯ ಕಂತಿನ ಹೊತ್ತಿಗೆ ಮುಗಿಸಬಹುದು.