ಸುಮೋ ಮಲ್ಲರಂಗದ ಪ್ರವೇಶಪತ್ರ

ಜಪಾನಿನ ಸುಮೋ ಮಲ್ಲಯುದ್ಧವನ್ನು ಹಣ ತೆತ್ತು ನೋಡುವ ವಾಡಿಕೆಯು ಧರ್ಮಾರ್ಥವಾಗಿ ಹುಟ್ಟಿತು. ದೇವಾಲಯಗಳ ಜೀರ್ಣೋದ್ಧಾರಕ್ಕಾಗಿ ದ್ರವ್ಯವನ್ನು ಕೂಡಿಸುವ ಆ ಕಾಳಗಕ್ಕೆ ‘ಕಂಜಿನ್ ಸುಮೋ’ ಎಂದು ಹೆಸರು. 1833ರಿಂದ ಎದೋ ನಗರದ, ಎಂದರೆ ಇಂದಿನ ಟೋಕಿಯೋದ, ಏಕೋಇನ್ ದೇವಾಲಯದ ಅಂಗಳವು ಅದಕ್ಕೆ ನೆಲೆಯಾಯಿತು. ಕಾಲಕ್ರಮದಲ್ಲಿ ದಾನವು ವ್ಯಾಪಾರವಾಯಿತು. ಒಳ್ಳೆಯ ಆಸನಗಳಲ್ಲಿ ಬಹುಪಾಲು ಚಹಾದಂಗಡಿಗಳವರ ಕೈಸೇರಿದುವು. ಅವರು ಪ್ರವೇಶಪತ್ರದೊಡನೆ ತಿಂಡಿತೀರ್ಥಗಳನ್ನೂ ಸೇರಿಸಿ, ಪರಿಚಿತರಾದ ಹಳೆಯ ಗಿರಾಕಿಗಳಿಗೆ ಒದಗಿಸುತ್ತಿದ್ದರು. 1909ರಲ್ಲಿ ಕೊಕುಗಿಕಾನ್ ಎಂಬ ಮಲ್ಲಮಂದಿರವು ನಿರ್ಮಿತವಾದ ಮೇಲೂ ಈ ರೂಢಿಯು ಅಳಿಯಲಿಲ್ಲ. ಕಡೆಗೆ 1957ರಲ್ಲಿ ಆ ದೇಶದ ಶಾಸನಸಭೆಯಲ್ಲಿಯೇ ಪ್ರಶ್ನೆಯೆದ್ದು, ಅಂಗಡಿಗಳೆಲ್ಲವೂ ಒಂದೇ ಸಂಸ್ಥೆಗೆ ಒಳಪಟ್ಟುವು. ಇಂದು ಸಾಮಾನ್ಯನಿಗೂ ಪ್ರವೇಶಪತ್ರವು ನೇರವಾಗಿ ದೊರೆಯುವುದುಂಟು. ಆದರೂ ಆ ಅಂಗಡಿಗಳಲ್ಲಿ 20 ಉಳಿದಿವೆ. ಧರ್ಮವು ತೆರೆದ ಬಾಗಿಲನ್ನು ಲಾಭವು ಕಿರಿದುಮಾಡಿತು. ಅದನ್ನು ಮತ್ತೆ ಅಗಲಿಸಿದುದು ಪ್ರಜೆಗಳ ಪ್ರಶ್ನೆ.