ಚಾಲನಾ ಕ್ರಮ, ಫ್ಯೂಯೆಲ್ ಟ್ರಿಮ್ ಮತ್ತು ಇಂಧನ ಮಿತವ್ಯಯ: ಪೆಟ್ರೋಲ್ ಕಾರು ಮಾಲೀಕರಿಗೆ ಮಾಹಿತಿ

ಕಾರಿನ ಇಂಧನ ವೆಚ್ಚ ಹೆಚ್ಚಾದಾಗ ಅದಕ್ಕೆ ಚಾಲನಾ ಕ್ರಮ ಕಾರಣವೋ, ವಾಹನದ ದೋಷ ಕಾರಣವೋ ಎಂಬುದನ್ನು ಮೊದಲು ಗುರುತಿಸುವುದು ಅವಶ್ಯಕ. ತಪ್ಪಿದಲ್ಲಿ ಅನಾವಶ್ಯಕ ದುರಸ್ತಿಗೆ ಹಣ ವ್ಯಯವಾಗುವುದಲ್ಲದೆ, ಹೊಗೆ ತಪಾಸಣಾ ಪ್ರಮಾಣಪತ್ರ ಪಡೆಯುವಲ್ಲಿಯೂ ತೊಂದರೆಯಾಗಬಹುದು.

1. ಫ್ಯೂಯೆಲ್ ಟ್ರಿಮ್ ಎಂದರೇನು?
1 ಕಿ.ಗ್ರಾಂ. ಪೆಟ್ರೋಲ್ ಪೂರ್ಣವಾಗಿ ದಹಿಸಲು ಸುಮಾರು 14.7 ಕಿ.ಗ್ರಾಂ. ಗಾಳಿ ಬೇಕು. ಹೊಗೆ ಕೊಳವೆಯಲ್ಲಿನ ಆಕ್ಸಿಜನ್ ಸೆನ್ಸರ್ ನೀಡುವ ಸೂಚನೆಯಂತೆ ಎಂಜಿನ್ ನಿಯಂತ್ರಣ ಘಟಕವು ಇಂಧನದ ಪ್ರಮಾಣವನ್ನು ತಿದ್ದುತ್ತದೆ. ಶೇಕಡಾವಾರು ತೋರಿಸಲಾಗುವ ಈ ತಿದ್ದುಪಡಿಯೇ ಫ್ಯೂಯೆಲ್ ಟ್ರಿಮ್. ಕ್ಷಣಕ್ಷಣಕ್ಕೂ ಬದಲಾಗುವುದು ಅಲ್ಪಾವಧಿ ಟ್ರಿಮ್. ಅದರ ಆಧಾರದ ಮೇಲೆ ಘಟಕವು ನೆನಪಿನಲ್ಲಿ ಇರಿಸಿಕೊಳ್ಳುವುದು ದೀರ್ಘಾವಧಿ ಟ್ರಿಮ್.

ಇದು ಲೆಕ್ಕಪತ್ರದಲ್ಲಿ ಅಂದಾಜನ್ನು ವಾಸ್ತವಕ್ಕೆ ಸರಿಹೊಂದಿಸುವ ಹೊಂದಾಣಿಕೆ ನಮೂದಿನಂತೆ. ಆದುದರಿಂದ ಟ್ರಿಮ್ +12 ಇದ್ದ ಮಾತ್ರಕ್ಕೆ ಇಂಧನ ವೆಚ್ಚವು ಶೇ. 12ರಷ್ಟು ಹೆಚ್ಚಿದೆ ಎಂದು ಭಾವಿಸತಕ್ಕದ್ದಲ್ಲ.

2. ಚಾಲನಾ ಕ್ರಮದ ಪರಿಣಾಮ
(ಅ) ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅನೇಕ ಎಂಜಿನ್‌ಗಳು ಸೆನ್ಸರ್ ಆಧಾರಿತ ತಿದ್ದುಪಡಿಯನ್ನು ಬದಿಗಿರಿಸಿ ಹೆಚ್ಚುವರಿ ಇಂಧನ ಒದಗಿಸುತ್ತವೆ. ಈ ವೆಚ್ಚ ಟ್ರಿಮ್‌ನಲ್ಲಿ ಕಾಣುವುದಿಲ್ಲ.
(ಆ) ಗೇರ್‌ನಲ್ಲಿಯೇ ಇದ್ದು ಆಕ್ಸಿಲರೇಟರ್ ಬಿಟ್ಟಾಗ ಸಾಮಾನ್ಯವಾಗಿ ಇಂಧನ ಪೂರೈಕೆ ಸ್ಥಗಿತಗೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲನೆಯಲ್ಲಿರಲು ಇಂಧನ ಬೇಕಾಗುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುವುದರಿಂದ ಉಳಿತಾಯವಾಗದು. ಎಂಜಿನ್ನಿನ ತಡೆಯೂ ದೊರೆಯದೆ ಅಪಾಯ ಉಂಟಾಗುತ್ತದೆ.
(ಇ) ವೇಗವು ಗಂಟೆಗೆ 80 ಕಿ.ಮೀ.ಯಿಂದ 100 ಕಿ.ಮೀ.ಗೆ ಏರಿದಾಗ ಗಾಳಿಯ ಪ್ರತಿರೋಧ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.
(ಈ) ತಣ್ಣಗಿರುವ ಎಂಜಿನ್ ಹೆಚ್ಚು ಇಂಧನ ಬಳಸುವುದರಿಂದ ಸಣ್ಣ ಸಣ್ಣ ಓಡಾಟಗಳನ್ನು ಒಂದೇ ಬಾರಿಗೆ ಮುಗಿಸುವುದು ಲಾಭಕರ.

3. ಟ್ರಿಮ್ ಸೂಚಿಸುವ ದೋಷಗಳು
ದೀರ್ಘಾವಧಿ ಟ್ರಿಮ್ ಸತತವಾಗಿ +10ಕ್ಕಿಂತ ಹೆಚ್ಚು ಅಥವಾ -10ಕ್ಕಿಂತ ಕಡಿಮೆ ಇದ್ದಲ್ಲಿ ವಾಹನವನ್ನು ಪರೀಕ್ಷಿಸುವುದು ಸೂಕ್ತ. ಗಾಳಿ ಸೋರಿಕೆ, ಕಟ್ಟಿಕೊಂಡ ಇಂಜೆಕ್ಟರ್ ಅಥವಾ ಕಡಿಮೆ ಇಂಧನ ಒತ್ತಡದಿಂದ ಟ್ರಿಮ್ ಏರುತ್ತದೆ. ಇಂಜೆಕ್ಟರ್ ಸೋರಿದಲ್ಲಿ ಇಳಿಯುತ್ತದೆ. ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್ ಬಳಸಿದಾಗ ಹಳೆಯ ಕಾರುಗಳಲ್ಲಿ ಟ್ರಿಮ್ ತುಸು ಏರುವುದು ಸಹಜ; ಅದಷ್ಟೇ ದೋಷವಲ್ಲ. ಮೃದುವಾದ ಚಾಲನೆಯಿಂದ ಇಂಧನ ಉಳಿಯುತ್ತದೆಯೇ ಹೊರತು ಈ ದೋಷಗಳು ನಿವಾರಣೆಯಾಗುವುದಿಲ್ಲ.

4. ಹೊಗೆ ತಪಾಸಣೆಗೆ ಮುನ್ನ
ಬಿ.ಎಸ್. 4 ಮತ್ತು ಬಿ.ಎಸ್. 6 ಪೆಟ್ರೋಲ್ ಕಾರುಗಳ ತಪಾಸಣೆಯಲ್ಲಿ ಗಾಳಿ-ಇಂಧನ ಅನುಪಾತವನ್ನು ಸೂಚಿಸುವ ಲ್ಯಾಂಬ್ಡಾ ಮೌಲ್ಯವು ಸಾಮಾನ್ಯವಾಗಿ 0.97ರಿಂದ 1.03ರ ಒಳಗಿರಬೇಕು. ಟ್ರಿಮ್‌ನ ಮಿತಿ ಮೀರಿದ ದೋಷವಿದ್ದಲ್ಲಿ ಈ ಮೌಲ್ಯ ಏರುಪೇರಾಗುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿದರೆ ಅನೇಕ ಕಾರುಗಳಲ್ಲಿ ಟ್ರಿಮ್ ಅಳಿಸಿಹೋಗುವುದೇ ವಿನಾ ದೋಷ ಉಳಿಯುತ್ತದೆ.

ಎಂಜಿನ್ ಎಚ್ಚರಿಕೆ ದೀಪ ಉರಿಯುತ್ತಿದ್ದಲ್ಲಿ ಮೊದಲು ದುರಸ್ತಿ ಮಾಡಿಸಿ, ಎಂಜಿನ್ ಬಿಸಿಯಾದ ನಂತರವೇ ವಾಹನವನ್ನು ತಪಾಸಣೆಗೆ ಹಾಜರುಪಡಿಸಲು ಕೋರಲಾಗಿದೆ.