ಕೋಲ್ಡ್ ಸ್ಟೋರ್‌ಗೆ ಬಂದ ಯಂತ್ರ: ಶೈತ್ಯಾಗಾರದ ಯಾಂತ್ರೀಕರಣ ಹೇಗೆ, ಕೆಲಸಗಾರರಿಗೆ ಏನು?

ಗಲ್ಫ್ ರಾಷ್ಟ್ರಗಳ ಅಡುಗೆಮನೆಗೆ ಬರುವ ಆಹಾರದಲ್ಲಿ ಬಹುಪಾಲು ಹೊರದೇಶದ್ದು. ಬ್ರೆಜಿಲ್‌ನ ಕೋಳಿ, ಆಸ್ಟ್ರೇಲಿಯಾದ ಕುರಿಮಾಂಸ, ಯುರೋಪಿನ ಬೆಣ್ಣೆ, ಚೀಸ್, ಭಾರತದ ಮೀನು, ಸಿಗಡಿ ಎಲ್ಲವೂ ರೀಫರ್ ಕಂಟೇನರ್‌ಗಳಲ್ಲಿ ಜೆಬೆಲ್ ಅಲಿ, ದಮ್ಮಾಮ್, ಜಿದ್ದಾ, ಹಮದ್, ಸೊಹಾರ್ ಮುಂತಾದ ಬಂದರುಗಳಲ್ಲಿ ಇಳಿಯುತ್ತವೆ. ಬಂದರಿನಿಂದ ಸೂಪರ್ ಮಾರ್ಕೆಟ್‌ಗೆ ಹೋಗುವ ಮೊದಲು ಈ ಸರಕು ತಂಗುವ ಜಾಗವೇ ಕೋಲ್ಡ್ ಸ್ಟೋರ್. ಅಲ್ಲಿ ದುಡಿಯುವವರಲ್ಲಿ ಕನ್ನಡಿಗರೂ ಇದ್ದಾರೆ. ಕೆಲವರು ಲೋಡಿಂಗ್‌ನಲ್ಲಿ, ಕೆಲವರು ರೀಚ್ ಟ್ರಕ್ ಮೇಲೆ, ಇನ್ನು ಕೆಲವರು ಸ್ಟೋರ್ ಕೀಪರ್, ಬಿಲ್ಲಿಂಗ್ ಕೆಲಸದಲ್ಲಿ.

ಈಗ ಹೊಸದಾಗಿ ಕಟ್ಟುವ ದೊಡ್ಡ ಶೈತ್ಯಾಗಾರಗಳಲ್ಲಿ ಪ್ಯಾಲೆಟ್ ಇಡುವ, ತೆಗೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪದ್ಧತಿ ಹೆಚ್ಚುತ್ತಿದೆ. ಈ ಸುದ್ದಿ ಕೇಳಿದ ಕೂಡಲೇ ಕ್ಯಾಂಪ್‌ನಲ್ಲಿ ಏಳುವ ಪ್ರಶ್ನೆ ಒಂದೇ: ಹಾಗಾದ್ರೆ ನಮ್ಮ ಕೆಲಸ? ಅದಕ್ಕೆ ಉತ್ತರ ಸಿಗಬೇಕಾದರೆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಮಾಲೀಕರ ಲೆಕ್ಕ ಏನು ಎಂಬುದನ್ನು ಮೊದಲು ತಿಳಿಯಬೇಕು.

ಎಷ್ಟು ತಣ್ಣಗಿರಬೇಕು?

ಕೋಲ್ಡ್ ಸ್ಟೋರ್‌ನಲ್ಲಿ ಮುಖ್ಯವಾಗಿ ಎರಡು ವಿಭಾಗ. ಒಂದು ಚಿಲ್ಲರ್. ಹಾಲು, ಮೊಸರು, ತಾಜಾ ಮಾಂಸದಂಥ ವಸ್ತುಗಳಿಗೆ ಇಲ್ಲಿ ಸಾಮಾನ್ಯವಾಗಿ 0ರಿಂದ 5 ಡಿಗ್ರಿ ಸೆಲ್ಸಿಯಸ್. ಇನ್ನೊಂದು ಫ್ರೀಜರ್. ಹೆಪ್ಪುಗಟ್ಟಿಸಿದ ಆಹಾರ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು ಎಂಬುದು ಅಂತಾರಾಷ್ಟ್ರೀಯವಾಗಿ ಒಪ್ಪಿದ ಮಟ್ಟ. ಫ್ಯಾರನ್‌ಹೀಟ್ ಅಳತೆಯಲ್ಲಿ ಇದು ಸರಿಸುಮಾರು ಸೊನ್ನೆ. ಬಾಗಿಲು ತೆರೆದು ಮುಚ್ಚುವಾಗ ಆಗುವ ಏರುಪೇರು ತಡೆದುಕೊಳ್ಳಲು ಫ್ರೀಜರ್ ಕೋಣೆಯನ್ನು ಮೈನಸ್ 20ರಿಂದ 25ರಲ್ಲಿ ಇಡುವುದು ರೂಢಿ.

ಜುಲೈ ಮಧ್ಯಾಹ್ನ ಹೊರಗೆ 45 ಡಿಗ್ರಿ, ಒಳಗೆ ಮೈನಸ್ 22. ಬಾಗಿಲು ದಾಟಿದರೆ 67 ಡಿಗ್ರಿಯ ವ್ಯತ್ಯಾಸ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ನಿಯಮ ಇರುವುದು ಬಿಸಿಲಿಗೆ. ಫ್ರೀಜರ್ ಒಳಗಿನವರಿಗೆ ರಕ್ಷಣೆ ಕೊಡುವುದು ದಪ್ಪ ಜಾಕೆಟ್, ಕೈಗವಸು, ಬೂಟು, ಮತ್ತು ನಡುನಡುವೆ ಹೊರಬಂದು ಬೆಚ್ಚಗಾಗುವ ಬಿಡುವು. ಬೆವರಿದ ಬಟ್ಟೆಯಲ್ಲೇ ಒಳಗೆ ಹೋದರೆ ಆ ಬೆವರೇ ಮೈಯನ್ನು ಕೊರೆಯುತ್ತದೆ. ಒಳಗಿನ ಬನಿಯನ್, ಕಾಲುಚೀಲ ಒಣಗಿರಬೇಕು ಅಂತ ಹಳಬರು ಹೇಳುವುದು ಇದಕ್ಕೇ.

ಒಂದು ಪ್ಯಾಲೆಟ್‌ನ ಪ್ರಯಾಣ

ಹಳೆಯ ಪದ್ಧತಿಯಲ್ಲಿ ರೀಚ್ ಟ್ರಕ್ ಚಾಲಕ ಪ್ಯಾಲೆಟ್ ಎತ್ತಿಕೊಂಡು ರ‍್ಯಾಕ್ ಮಧ್ಯೆ ಹೋಗಿ, ಖಾಲಿ ಜಾಗ ನೋಡಿ ಇಟ್ಟು ಬರುತ್ತಾನೆ. ಯಾಂತ್ರೀಕೃತ ಶೈತ್ಯಾಗಾರದಲ್ಲಿ ಅದೇ ಪ್ಯಾಲೆಟ್ ಬೇರೆ ದಾರಿ ಹಿಡಿಯುತ್ತದೆ.

ಮೊದಲು ಡಾಕ್‌ನಲ್ಲಿ ಕಂಟೇನರ್‌ನಿಂದ ಇಳಿದ ಪ್ಯಾಲೆಟ್‌ಗೆ ಬಾರ್‌ಕೋಡ್ ಅಂಟಿಸಿ ಕನ್ವೇಯರ್ ಮೇಲೆ ಇಡುತ್ತಾರೆ. ಮುಂದೆ ತಪಾಸಣೆ. ಪ್ಯಾಲೆಟ್‌ನ ಎತ್ತರ, ಅಗಲ, ತೂಕವನ್ನು ಸೆನ್ಸರ್ ಅಳೆಯುತ್ತದೆ. ಪೆಟ್ಟಿಗೆ ಹೊರಗೆ ಚಾಚಿದ್ದರೆ, ಪ್ಲಾಸ್ಟಿಕ್ ಸುತ್ತು ಸಡಿಲವಿದ್ದರೆ, ಮರದ ಪ್ಯಾಲೆಟ್‌ನ ಕಾಲು ಮುರಿದಿದ್ದರೆ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಮನುಷ್ಯ 'ಪರವಾಗಿಲ್ಲ' ಅಂತ ಹೊಂದಿಸಿಕೊಳ್ಳುವ ಕಡೆ ಯಂತ್ರ ಹೊಂದಿಸಿಕೊಳ್ಳುವುದಿಲ್ಲ.

ತಪಾಸಣೆ ದಾಟಿದ ಪ್ಯಾಲೆಟ್ ಒಂದು ಚಿಕ್ಕ ಏರ್‌ಲಾಕ್ ಮೂಲಕ ಫ್ರೀಜರ್ ಒಳಗೆ ಹೋಗುತ್ತದೆ. ಅಲ್ಲಿ ಹಳಿಯ ಮೇಲೆ ಓಡುವ ಸ್ಟ್ಯಾಕರ್ ಕ್ರೇನ್ ಅದನ್ನು ಎತ್ತಿಕೊಂಡು ಗೊತ್ತಾದ ಖಾನೆಯಲ್ಲಿ ಇಡುತ್ತದೆ. ಯಾವ ಖಾನೆ ಎಂದು ತೀರ್ಮಾನಿಸುವುದು ಗೋದಾಮಿನ ಸಾಫ್ಟ್‌ವೇರ್. ಕ್ರೇನ್ ಬರಿಗೈಯಲ್ಲಿ ವಾಪಸ್ ಬರುವುದಿಲ್ಲ. ಒಂದು ಪ್ಯಾಲೆಟ್ ಇಟ್ಟ ಓಟದಲ್ಲೇ ಹೊರಹೋಗಬೇಕಾದ ಇನ್ನೊಂದನ್ನು ತರುವಂತೆ ಕೆಲಸ ಜೋಡಿಸಿರುತ್ತಾರೆ.

ಕೆಲವು ಕಡೆ ಕ್ರೇನ್ ಬದಲು ಶಟಲ್ ಇರುತ್ತದೆ. ಇದು ಪ್ಯಾಲೆಟ್ ಅಡಿಯಲ್ಲಿ ನುಗ್ಗಿ, ಅದನ್ನು ಸ್ವಲ್ಪ ಎತ್ತಿ, ರ‍್ಯಾಕ್ ಒಳಗಿನ ಹಳಿಯ ಮೇಲೆ ಆಳಕ್ಕೆ ಒಯ್ಯುವ ತಟ್ಟೆಯಂಥ ಗಾಡಿ. ಒಂದೇ ಬಗೆಯ ಮಾಲು ರಾಶಿಗಟ್ಟಲೆ ಇರುವ ಕಡೆ, ಅಂದರೆ ಕೋಳಿ, ಐಸ್‌ಕ್ರೀಮ್, ಫ್ರೆಂಚ್ ಫ್ರೈಸ್ ಇಡುವ ಕಡೆ, ಇದು ಜಾಗ ಉಳಿಸುತ್ತದೆ.

ಇದೇನೂ ನಿನ್ನೆ ಮೊನ್ನೆಯ ಆವಿಷ್ಕಾರ ಅಲ್ಲ. ಜರ್ಮನಿಯ ಗ್ಯೂಟರ್ಸ್‌ಲೋದಲ್ಲಿ ಬರ್ಟೆಲ್ಸ್‌ಮನ್ ಪ್ರಕಾಶನ ಸಂಸ್ಥೆಗಾಗಿ ಡೆಮಾಗ್ ಕಂಪನಿ 1962ರಲ್ಲಿ ಇಂಥ ಎತ್ತರದ ಗೋದಾಮು ಕಟ್ಟಿತು. ಅಲ್ಲಿ ಇಡುತ್ತಿದ್ದದ್ದು ಪುಸ್ತಕ. ಆಹಾರದ ಫ್ರೀಜರ್‌ಗೆ ಇದು ಬಂದದ್ದು ಆಮೇಲೆ. ಇವತ್ತು ಯುರೋಪ್, ಅಮೆರಿಕದಲ್ಲಿ 40 ಮೀಟರ್ ಎತ್ತರದ ಯಾಂತ್ರೀಕೃತ ಫ್ರೀಜರ್‌ಗಳಿವೆ.

ಮೊದಲು ಬಂದದ್ದಲ್ಲ, ಮೊದಲು ಕೆಡುವುದು

ಬಿಕಾಂ ಓದಿದವರಿಗೆ ಫಿಫೋ ಗೊತ್ತು: ಮೊದಲು ಬಂದ ಮಾಲು ಮೊದಲು ಹೋಗಬೇಕು. ಆಹಾರದಲ್ಲಿ ಅದು ಸಾಲದು. ಈ ವಾರ ಬಂದ ಮಾಲಿನ ಎಕ್ಸ್‌ಪೈರಿ ದಿನಾಂಕ ಕಳೆದ ತಿಂಗಳು ಬಂದ ಮಾಲಿಗಿಂತ ಹತ್ತಿರ ಇರಬಹುದು. ಆದ್ದರಿಂದ ಇಲ್ಲಿ ಫೆಫೋ, ಅಂದರೆ ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಕೈಕೆಲಸದ ಗೋದಾಮಿನಲ್ಲಿ ಎದುರಿಗೆ ಸಿಕ್ಕ ಪ್ಯಾಲೆಟ್ ತೆಗೆಯುವುದು ಸುಲಭ, ಹಿಂದಿನದ್ದು ಹಿಂದೆಯೇ ಉಳಿದು ಅವಧಿ ಮೀರುತ್ತದೆ. ವರ್ಷಾಂತ್ಯದ ಸ್ಟಾಕ್ ಲೆಕ್ಕದಲ್ಲಿ ಅದು ನೇರ ನಷ್ಟ. ಸಾಫ್ಟ್‌ವೇರ್ ಪ್ರತಿ ಪ್ಯಾಲೆಟ್‌ನ ಬ್ಯಾಚ್, ದಿನಾಂಕ, ಖಾನೆ ಎಲ್ಲವನ್ನೂ ನೆನಪಿಡುವುದರಿಂದ ಈ ನಷ್ಟ ಕಡಿಮೆ. ಯಾವುದಾದರೂ ಬ್ಯಾಚ್ ವಾಪಸ್ ಕರೆಸಬೇಕಾದರೂ ಹುಡುಕಾಟ ಬೇಡ.

ಇಷ್ಟು ಎತ್ತರ ಯಾಕೆ?

ಒಂದು ಸರಳ ಲೆಕ್ಕ. 1,20,000 ಘನ ಮೀಟರ್‌ನ ಫ್ರೀಜರ್ ಬೇಕು ಎಂದುಕೊಳ್ಳಿ. ರೀಚ್ ಟ್ರಕ್‌ಗೆ ತಕ್ಕಂತೆ 12 ಮೀಟರ್ ಎತ್ತರ ಕಟ್ಟಿದರೆ 100 ಮೀಟರ್ ಉದ್ದ, 100 ಮೀಟರ್ ಅಗಲ ಬೇಕು. ಚಾವಣಿ 10,000, ನೆಲ 10,000, ನಾಲ್ಕು ಗೋಡೆ 4,800. ಒಟ್ಟು 24,800 ಚದರ ಮೀಟರ್ ಮೈ. ಅಷ್ಟೇ ಗಾತ್ರವನ್ನು 40 ಮೀಟರ್ ಎತ್ತರದಲ್ಲಿ 60ಕ್ಕೆ 50ರಂತೆ ಕಟ್ಟಿದರೆ ಚಾವಣಿ 3,000, ನೆಲ 3,000, ಗೋಡೆ 8,800. ಒಟ್ಟು 14,800. ಶಾಖ ಒಳನುಗ್ಗುವ ಮೈ ಸುಮಾರು ಶೇ. 40 ಕಡಿಮೆ. ಇಡೀ ದಿನ ಬಿಸಿಲು ಕುಡಿಯುವ ಚಾವಣಿ ಮೂರನೇ ಒಂದು ಭಾಗಕ್ಕಿಂತಲೂ ಸಣ್ಣದು. ಜಮೀನಿನ ಬಾಡಿಗೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 40 ಮೀಟರ್ ಎತ್ತರಕ್ಕೆ ರೀಚ್ ಟ್ರಕ್ ತಲುಪುವುದಿಲ್ಲ, ಅಲ್ಲಿಗೆ ಕ್ರೇನೇ ಬೇಕು.

ಇದರ ಜೊತೆ ಬಾಗಿಲಿನ ಉಳಿತಾಯವೂ ಇದೆ. ಕರಾವಳಿಯ ತೇವದ ಗಾಳಿ ಫ್ರೀಜರ್ ಒಳಗೆ ನುಗ್ಗಿದರೆ ನೆಲದಲ್ಲಿ, ಪೈಪಿನಲ್ಲಿ, ಫ್ಯಾನ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಕರಗಿಸಲೂ ಕರೆಂಟು ಬೇಕು. ಫೋರ್ಕ್‌ಲಿಫ್ಟ್ ಹೋಗುವ ದೊಡ್ಡ ಬಾಗಿಲಿಗಿಂತ ಪ್ಯಾಲೆಟ್ ಮಾತ್ರ ನುಸುಳುವ ಕಿಂಡಿಯಲ್ಲಿ ಗಾಳಿ ಕಡಿಮೆ ನುಗ್ಗುತ್ತದೆ. ಒಳಗೆ ಜನ ಇಲ್ಲದ ಕಾರಣ ದೀಪವೂ ಬೇಡ.

ಯಂತ್ರಕ್ಕೂ ಚಳಿ

ಮೈನಸ್ 25ರಲ್ಲಿ ಸಾಮಾನ್ಯ ಗ್ರೀಸ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ರಬ್ಬರು, ಕೇಬಲ್ ಬಿರುಕು ಬಿಡುತ್ತವೆ, ಸೆನ್ಸರ್ ಕಣ್ಣಿನ ಮೇಲೆ ಮಂಜು ಕೂರುತ್ತದೆ. ಅದಕ್ಕಾಗಿ ವಿಶೇಷ ಗ್ರೀಸ್, ಹೀಟರ್ ಇರುವ ಸೆನ್ಸರ್, ಬೆಚ್ಚಗಿನ ಪೆಟ್ಟಿಗೆಯೊಳಗೆ ಎಲೆಕ್ಟ್ರಾನಿಕ್ಸ್ ಹಾಕುತ್ತಾರೆ. ಒಂದು ಸಾಲಿನ ಕ್ರೇನ್ ಕೆಟ್ಟರೆ ಆ ಸಾಲಿನ ಮಾಲೆಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಒಂದೇ ಬಗೆಯ ಮಾಲನ್ನು ಬೇರೆ ಬೇರೆ ಸಾಲಿಗೆ ಹಂಚಿ ಇಡುತ್ತಾರೆ.

ನೆಲದ್ದೂ ಒಂದು ಸಮಸ್ಯೆ. ಫ್ರೀಜರ್‌ನ ಚಳಿ ಕೆಳಗಿಳಿದು ಮಣ್ಣಿನ ತೇವ ಹೆಪ್ಪುಗಟ್ಟಿದರೆ ನೆಲವೇ ಉಬ್ಬುತ್ತದೆ. ಮರುಭೂಮಿಯ ನಾಡಿನಲ್ಲೂ ಫ್ರೀಜರ್ ನೆಲದ ಅಡಿಯಲ್ಲಿ ಬಿಸಿ ಮಾಡುವ ವ್ಯವಸ್ಥೆ ಇಡುವುದು ಇದಕ್ಕಾಗಿ.

ಕಣ್ಣಿಗೆ ಕಾಣದ ಎರಡು ಅಪಾಯ

ಮೊದಲನೆಯದು ಅಮೋನಿಯಾ. ದೊಡ್ಡ ಶೈತ್ಯಾಗಾರಗಳಲ್ಲಿ ತಂಪು ಮಾಡಲು ಬಳಸುವ ಅನಿಲಗಳಲ್ಲಿ ಇದು ಮುಖ್ಯವಾದದ್ದು. ಕಣ್ಣು ಮೂಗು ಉರಿಸುವ ವಾಸನೆ ಬಂದರೆ ಪತ್ತೆ ಮಾಡಲು ಹೋಗದೆ ಕೂಡಲೇ ಹೊರಬರಬೇಕು. ಗಾಳಿ ಎತ್ತ ಬೀಸುತ್ತಿದೆಯೋ ಅತ್ತ ಓಡಬಾರದು, ಅಡ್ಡ ದಿಕ್ಕಿಗೆ ಅಥವಾ ಗಾಳಿ ಬರುವ ಕಡೆಗೆ ಹೋಗಬೇಕು.

ಎರಡನೆಯದು ಆಮ್ಲಜನಕ. ಗಾಳಿಯಲ್ಲಿ ಸುಮಾರು ಶೇ. 21 ಆಮ್ಲಜನಕ ಇರುತ್ತದೆ. ಕೆಲವು ಯಾಂತ್ರೀಕೃತ ಫ್ರೀಜರ್‌ಗಳಲ್ಲಿ ಬೆಂಕಿಯೇ ಹತ್ತದಂತೆ ನೈಟ್ರೋಜನ್ ತುಂಬಿ ಅದನ್ನು ಶೇ. 17ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಇಳಿಸಿರುತ್ತಾರೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಇಂಥ ಕಡೆ ಹೋಗಲೇಬಾರದು. ಉಳಿದವರೂ ವೈದ್ಯಕೀಯ ತಪಾಸಣೆ, ಪರವಾನಗಿ, ಹೊರಗೆ ಒಬ್ಬ ಕಾವಲಿಗೆ ಇಲ್ಲದೆ ಒಳಹೋಗುವಂತಿಲ್ಲ. ಸಿಕ್ಕಿಬಿದ್ದ ಪ್ಯಾಲೆಟ್ ಬಿಡಿಸಲು 'ಎರಡೇ ನಿಮಿಷ' ಅಂತ ಒಬ್ಬರೇ ನುಗ್ಗುವುದು ಪ್ರಾಣದ ಜೊತೆ ಆಟ.

ಮಾಲೀಕರ ಲೆಕ್ಕ

ಯಂತ್ರ ಬಂದರೆ ಸಂಬಳ ಉಳಿಯುತ್ತದೆ, ಅದಕ್ಕೇ ಹಾಕುತ್ತಾರೆ ಎಂಬ ಮಾತು ಗಲ್ಫ್‌ನಲ್ಲಿ ಪೂರ್ತಿ ನಿಜ ಅಲ್ಲ. ಒಂದು ಊಹೆಯ ಲೆಕ್ಕ ನೋಡಬಹುದು. ಯಾಂತ್ರೀಕರಣಕ್ಕೆ ಹೆಚ್ಚುವರಿ ಬಂಡವಾಳ 1.5 ಕೋಟಿ ದಿರ್ಹಂ. 60 ಜನರ ಜಾಗದಲ್ಲಿ 20 ಜನ ಸಾಕು. ಸಂಬಳ, ರೂಮು, ಬಸ್ಸು, ವೀಸಾ, ವಿಮೆ, ಟಿಕೆಟ್, ಗ್ರಾಚುಯಿಟಿ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 3,500 ದಿರ್ಹಂ. 40 ಜನರಿಂದ ವರ್ಷಕ್ಕೆ ಉಳಿಯುವುದು 16.8 ಲಕ್ಷ. ಯಂತ್ರದ ವಾರ್ಷಿಕ ನಿರ್ವಹಣೆ 7 ಲಕ್ಷ ಕಳೆದರೆ 9.8 ಲಕ್ಷ. ಸಂಬಳದ ಉಳಿತಾಯ ಒಂದರಿಂದಲೇ ಹಣ ವಾಪಸ್ ಬರಲು 15 ವರ್ಷ ದಾಟುತ್ತದೆ. ಕರೆಂಟಿನಲ್ಲಿ ವರ್ಷಕ್ಕೆ 6 ಲಕ್ಷ ಉಳಿದರೆ ಅದು ಒಂಬತ್ತೂವರೆ ವರ್ಷಕ್ಕೆ ಇಳಿಯುತ್ತದೆ. ಜಮೀನಿನ ಬಾಡಿಗೆ, ಕೆಡುವ ಮಾಲಿನ ನಷ್ಟ ಸೇರಿದರೆ ಇನ್ನೂ ಬೇಗ.

ಕೂಲಿ ದುಬಾರಿ ಇರುವ ಯುರೋಪಿನಲ್ಲಿ ಮೊದಲ ಅಂಕಿಯೇ ಸಾಕಾಗುತ್ತದೆ. ಕೂಲಿ ಅಗ್ಗ ಇರುವ ಕಡೆ ಜಮೀನು, ಕರೆಂಟು, ಕೆಡುಕು ಈ ಮೂರೂ ಸೇರಿದರೆ ಮಾತ್ರ ಲೆಕ್ಕ ಕೂಡುತ್ತದೆ. ಆದ್ದರಿಂದ ನಡೆಯುತ್ತಿರುವ ಹಳೆಯ, ತಗ್ಗಿನ ಗೋದಾಮಿಗೆ ಕ್ರೇನ್ ಬರುವ ಸಾಧ್ಯತೆ ಕಡಿಮೆ. ಬರುವುದು ಹೊಸದಾಗಿ ಕಟ್ಟುವ ದೊಡ್ಡ ಗೋದಾಮಿಗೆ. ಹಳೆಯದರ ವ್ಯಾಪಾರ ಅಲ್ಲಿಗೆ ಹೋದಾಗ ಹಳೆಯ ಗೋದಾಮಿನ ಕೆಲಸ ಕರಗುತ್ತದೆ.

ಹೋಗುವ ಕೆಲಸ, ಉಳಿಯುವ ಕೆಲಸ

ಫ್ರೀಜರ್ ಒಳಗೆ ಪೂರ್ತಿ ಪ್ಯಾಲೆಟ್ ಇಡುವ, ತೆಗೆಯುವ ರೀಚ್ ಟ್ರಕ್ ಕೆಲಸ ಮೊದಲು ಹೋಗುತ್ತದೆ. ಒಳಗೆ ನಿಂತು ಸ್ಟಾಕ್ ಎಣಿಸುವ ಕೆಲಸವೂ ಅಷ್ಟೇ. ಕಂಟೇನರ್‌ನಿಂದ ಬಿಡಿ ಪೆಟ್ಟಿಗೆ ಇಳಿಸುವುದು, ಅಂಗಡಿಗೊಂದರಂತೆ ಬೇರೆ ಬೇರೆ ಪೆಟ್ಟಿಗೆ ಜೋಡಿಸುವುದು, ಯಂತ್ರ ತಳ್ಳಿದ ಪ್ಯಾಲೆಟ್ ಸರಿಪಡಿಸುವುದು, ಟ್ರಕ್ ಲೋಡಿಂಗ್ ಇವು ಸದ್ಯಕ್ಕೆ ಬಹುಮಟ್ಟಿಗೆ ಮನುಷ್ಯನ ಕೈಯಲ್ಲೇ ಇವೆ. ಹೊಸದಾಗಿ ಹುಟ್ಟುವುದು ಕಂಟ್ರೋಲ್ ರೂಮ್ ಆಪರೇಟರ್, ಕ್ರೇನ್ ಮೆಕ್ಯಾನಿಕ್, ರೆಫ್ರಿಜರೇಶನ್ ಟೆಕ್ನಿಶಿಯನ್ ಕೆಲಸ. ಊರಿನಲ್ಲಿ ಓದುತ್ತಿರುವ ಮಕ್ಕಳಿಗೆ, ತಮ್ಮಂದಿರಿಗೆ ಐಟಿಐನ ರೆಫ್ರಿಜರೇಶನ್ ಮತ್ತು ಏರ್ ಕಂಡಿಷನಿಂಗ್ ಟ್ರೇಡ್, ಎಲೆಕ್ಟ್ರಿಶಿಯನ್ ಟ್ರೇಡ್, ಜಿಟಿಟಿಸಿಯ ಮೆಕಾಟ್ರಾನಿಕ್ಸ್ ಡಿಪ್ಲೊಮಾ ಈ ದಿಕ್ಕಿನ ದಾರಿಗಳು. ಈಗಾಗಲೇ ಕೆಲಸದಲ್ಲಿರುವವರು ಸ್ಕ್ಯಾನರ್, ಗೋದಾಮಿನ ಸಾಫ್ಟ್‌ವೇರ್ ಕಲಿಯಲು ಕಂಪನಿ ಅವಕಾಶ ಕೊಟ್ಟರೆ ಬಿಡಬಾರದು.

ಕೆಲಸ ಹೋದರೆ ಕೈಗೆ ಬರಬೇಕಾದದ್ದು

ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಗ್ರಾಚುಯಿಟಿ ಇದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಬೇಸಿಕ್ 1,500 ದಿರ್ಹಂ, ಸೇವೆ 8 ವರ್ಷ ಇದ್ದರೆ ದಿನಕ್ಕೆ 50 ದಿರ್ಹಂ. ಮೊದಲ 5 ವರ್ಷಕ್ಕೆ 5,250, ನಂತರದ 3 ವರ್ಷಕ್ಕೆ 4,500, ಒಟ್ಟು 9,750 ದಿರ್ಹಂ. ಓವರ್‌ಟೈಮ್, ಅಲೊವೆನ್ಸ್ ಇದರಲ್ಲಿ ಸೇರುವುದಿಲ್ಲ. ಸೇರುವಾಗಲೇ ಕರಾರಿನಲ್ಲಿ ಬೇಸಿಕ್ ಎಷ್ಟು ಎಂದು ನೋಡಬೇಕಾದದ್ದು ಇದಕ್ಕೆ. ನೋಟಿಸ್ ಅವಧಿ ಕನಿಷ್ಠ 30 ದಿನ. ಕರಾರು ಮುಗಿದ 14 ದಿನದೊಳಗೆ ಬಾಕಿ ಎಲ್ಲ ಚುಕ್ತಾ ಆಗಬೇಕು. ಬಳಸದ ವಾರ್ಷಿಕ ರಜೆಯ ಹಣವೂ ಅದರಲ್ಲಿ ಸೇರಿದೆ.

2023ರಿಂದ ನಿರುದ್ಯೋಗ ವಿಮೆಯೂ ಇದೆ. ಬೇಸಿಕ್ 16,000 ದಿರ್ಹಂವರೆಗಿನವರಿಗೆ ತಿಂಗಳ ಕಂತು 5 ದಿರ್ಹಂ. ಕನಿಷ್ಠ 12 ತಿಂಗಳು ಸತತ ಕಟ್ಟಿದ್ದು, ಕಂಪನಿಯೇ ಕೆಲಸದಿಂದ ತೆಗೆದಿದ್ದರೆ ಬೇಸಿಕ್‌ನ ಶೇ. 60 ಗರಿಷ್ಠ 3 ತಿಂಗಳು ಸಿಗುತ್ತದೆ. ಮೇಲಿನ ಉದಾಹರಣೆಯವರಿಗೆ ತಿಂಗಳಿಗೆ 900 ದಿರ್ಹಂ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ ಇದು ಸಿಗುವುದಿಲ್ಲ. ಯಂತ್ರ ಬಂದು ಜನ ಹೆಚ್ಚಾದಾಗ 'ರಾಜೀನಾಮೆ ಅಂತ ಬರೆದುಕೊಡಿ, ಬೇಗ ಮುಗಿಸಿಕೊಡ್ತೇವೆ' ಎನ್ನುವ ಕಾಗದ ಎದುರಿಗೆ ಬಂದರೆ, ಸಹಿ ಹಾಕುವ ಮೊದಲು ಈ ಒಂದು ಸಾಲು ನೆನಪಿರಲಿ.

ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್‌ಗಳಲ್ಲಿ ನಿಯಮ ಬೇರೆ ಬೇರೆ. ಉದಾಹರಣೆಗೆ ಸೌದಿಯಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ನಂತರ ವರ್ಷಕ್ಕೊಂದು ತಿಂಗಳದ್ದು. ಯಾವ ದೇಶವಾದರೂ ಕರಾರಿನ ಪ್ರತಿ, ಸಂಬಳದ ಸ್ಲಿಪ್, ರಜೆಯ ಲೆಕ್ಕ ಈ ಮೂರರ ಫೋಟೋ ಸ್ವಂತ ಮೊಬೈಲಿನಲ್ಲೂ ಊರಿನ ಮನೆಯವರ ಬಳಿಯೂ ಇರಬೇಕು. ಗೋದಾಮಿನ ಸಾಫ್ಟ್‌ವೇರ್ ಪ್ರತಿ ಪ್ಯಾಲೆಟ್‌ನ ದಿನಾಂಕ ನೆನಪಿಡುತ್ತದೆ. ಕೆಲಸಗಾರರ ಸೇವೆಯ ದಿನಗಳ ಲೆಕ್ಕ ಕೆಲಸಗಾರರೇ ಇಟ್ಟುಕೊಳ್ಳಬೇಕು.